ವಾರಿಜಾಕ್ಷಿ ಮತ್ತು ಬ್ರಿಟಿಷರ ಎರಡು ಹಡಗುಗಳು

ಒಮಾನಿನ ಸುವೈಕ್‌ನಲ್ಲಿ ಯಾರಿಗಾದರೂ ಬ್ರಿಟಿಷ್ ನೌಕಾಪಡೆಯ ಬಗ್ಗೆ ಸಂಶಯ ಬಂದರೆ ಕೇಳಬೇಕಾದದ್ದು ಪಾಲಿಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತಿರುವ ವಾರಿಜಾಕ್ಷಿಯನ್ನು. ನಗಬೇಡಿ. ಟೋಕನ್ ಕೂಗುತ್ತ, ಫೈಲು ಹುಡುಕುತ್ತ, ಒಮಾನಿ ಅಜ್ಜಿಯರನ್ನು ಅರಬ್ಬಿಯಲ್ಲೂ ಮಲಯಾಳಿ ನರ್ಸುಗಳನ್ನು ಹಿಂದಿಯಲ್ಲೂ ಗದರುವ ಈ ಹೆಂಗಸು, ಬ್ರಿಟನ್ನಿನ ಎರಡು ವಿಮಾನವಾಹಕ ನೌಕೆಗಳಲ್ಲಿ ಯಾವುದು ಯಾವಾಗ ಕೆಟ್ಟು ನಿಂತಿತ್ತು ಎಂಬುದನ್ನು ತಡವರಿಸದೆ ಹೇಳುತ್ತಾಳೆ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೂತವರಿಗೂ ಅಷ್ಟು ನೆನಪಿದೆಯೋ ಇಲ್ಲವೋ.

ಅವಳಿಗೇನು ಹಡಗಿನ ಹುಚ್ಚಿರಲಿಲ್ಲ. ಮಲ್ಪೆಯಲ್ಲಿ ಹುಟ್ಟಿ ಬೆಳೆದವಳಿಗೆ ಬೋಟು, ಹಡಗು ಎಲ್ಲ ನೋಡಿ ನೋಡಿ ಸಾಕಾಗಿತ್ತು. ಮೂರು ತಿಂಗಳ ಕೆಳಗೆ, ಎಂಜಿನಿಯರಿಂಗ್ ಮುಗಿಸಿ ಮನೆಗೆ ಬಂದಿದ್ದ ಮಗಳು ದೀಕ್ಷಿತಾ ಊಟದ ನಡುವೆ, "ಅಮ್ಮ, ನಾನು ಇಂಡಿಯನ್ ನೇವಿಗೆ ಅಪ್ಲೈ ಮಾಡಿದ್ದೇನೆ. ಪೈಲಟ್ ಆಗ್ಲಿಕ್ಕೆ. ಸೆಲೆಕ್ಟ್ ಆದ್ರೆ ಶಿಪ್ ಮೇಲಿಂದ ಫ್ಲೈ ಮಾಡ್ಬಹುದು" ಅಂದಳು. ವಾರಿಜಾಕ್ಷಿಯ ಕೈಯಲ್ಲಿದ್ದ ಬಂಗುಡೆ ತುಂಡು ತಟ್ಟೆಗೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಗಂಡ ಕೊಗ್ಗನ ಮುಖ ಮಾತ್ರ ಅರಳಿತು. ಅದನ್ನು ನೋಡಿಯೇ ಅವಳಿಗೆ ಪಿತ್ತ ನೆತ್ತಿಗೇರಿತು.

ಅರಳದೆ ಏನು ಮಾಡೀತು! ಈಗ ಸುವೈಕ್ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಕೊಗ್ಗ ಹಿಂದೆ ಹದಿನೈದು ವರ್ಷ ನಮ್ಮ ನೌಕಾಪಡೆಯಲ್ಲಿದ್ದವನು. ನಾವು ಬ್ರಿಟಿಷರಿಂದ ಕೊಂಡು ತಂದಿದ್ದ ಹಳೆಯ ವಿಮಾನವಾಹಕ ನೌಕೆಯ ಡೆಕ್ಕಿನ ಮೇಲೆ ವಿಮಾನ ತಳ್ಳುವುದು, ನಿಲ್ಲಿಸುವುದು, ಗಾಳಿಗೆ ಜಾರದಂತೆ ಸರಪಳಿ ಬಿಗಿಯುವುದು ಅವನ ಕೆಲಸ. ಮದುವೆಯಾದ ಮೊದಲ ಮೂರು ವರ್ಷ ವಾರಿಜಾಕ್ಷಿ ಗಂಡನನ್ನು ಕಂಡದ್ದಕ್ಕಿಂತ ಅವನ ಪತ್ರಗಳನ್ನು ಕಂಡದ್ದು ಹೆಚ್ಚು.

ಬರಿದೇ ಬೇಡ ಅಂದರೆ ಆಗುತ್ತಿರಲಿಲ್ಲ. ಮಗಳ ಬೇಕುಬೇಡಗಳಿಗೆ ಆ ಮನೆಯಲ್ಲೊಂದು ಕಾನೂನಿತ್ತು, ಅದನ್ನು ಮಾಡಿದವಳೂ ವಾರಿಜಾಕ್ಷಿಯೇ. ಹಟಕ್ಕೆ ಬೆಲೆಯಿಲ್ಲ, ವಾದಕ್ಕೆ ಉಂಟು. ಶುಕ್ರವಾರ ಊಟವಾದ ಮೇಲೆ ಅಮ್ಮನೆದುರು ವಾದಿಸಿ ಗೆದ್ದರೆ ಕೇಳಿದ್ದು ಸಿಗುತ್ತದೆ, ಸೋತರೆ ಮತ್ತೆ ಆ ಮಾತೆತ್ತುವಂತಿಲ್ಲ. ದೀಕ್ಷಿತಾ ಎಂಟು ವರ್ಷದವಳಿದ್ದಾಗ ಬೆಕ್ಕು ಗೆದ್ದಳು, ಹದಿನಾರಕ್ಕೆ ಗಿಡ್ಡ ಕೂದಲು ಗೆದ್ದಳು. ಮಸ್ಕತ್ತಿನಲ್ಲಿ ಒಬ್ಬಳೇ ಸಿನಿಮಾ ನೋಡುವ ವಿಷಯದಲ್ಲಿ ಎರಡು ಸಲ ಸೋತಳು. ಈಗ ಸಂದರ್ಶನಕ್ಕೆ ಬೆಂಗಳೂರಿಗೆ ಬರಬೇಕೆಂದು ಕರೆ ಬಂದಾಗಲೂ ಅವಳು, "ಶುಕ್ರವಾರ ಗೆದ್ರೆ ಹೋಗ್ತೇನೆ, ಸೋತ್ರೆ ಮೇಲ್ ಮಾಡಿ ಕ್ಯಾನ್ಸಲ್ ಮಾಡ್ತೇನೆ" ಅಂದಳು. ಇಪ್ಪತ್ತೆರಡು ವರ್ಷದ ಹುಡುಗಿ ಸೀದಾ ವಿಮಾನ ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ, ಅದು ಅವಳ ಮರ್ಯಾದೆ.

ಹಾಗಾಗಿ ವಾರಿಜಾಕ್ಷಿ ಸೊಂಟ ಕಟ್ಟಿ ನಿಂತಳು. ಅವಳ ಉಪಾಯ ಸರಳವಾಗಿತ್ತು. ಈ ಹಡಗಿನಲ್ಲಿ ಪಳಗಿದವರು ಬ್ರಿಟಿಷರು, ನಮಗೆ ಮಾರಿದವರೂ ಅವರೇ. ಈಗ ಅವರಿಗೇ ಇದು ಬೇಕೋ ಬೇಡವೋ ಎಂದು ಅವರವರೇ ಕಚ್ಚಾಡುತ್ತಿರುವಾಗ ನನ್ನ ಮಗಳಿಗೇಕೆ? ಕ್ಲಿನಿಕ್ಕಿನಲ್ಲಿ ಬಿಡುವಾದಾಗಲೆಲ್ಲ ಫೋನಿನಲ್ಲಿ ಬ್ರಿಟಿಷ್ ಪತ್ರಿಕೆಗಳನ್ನು ಓದಿದಳು. ಅರ್ಥವಾಗದ ಶಬ್ದಗಳನ್ನು ಎಕ್ಸ್-ರೇ ವಿಭಾಗದ ಡಿಯೋನನ ಹತ್ತಿರ ಕೇಳಿದಳು. ಪ್ರಿಸ್ಕ್ರಿಪ್ಷನ್ ಹಾಳೆಗಳ ಬೆನ್ನಲ್ಲಿ ಬರೆದಿಟ್ಟಳು. ಡಿಯೋನ್ ಒಮ್ಮೆ, "ವಾರಿಜಕ್ಕ, ನಿಮ್ಮನ್ನು ನೋಡಿದ್ರೆ ಆ ಹಡಗು ನೀವೇ ಮಾರುವ ಹಾಗೆ ಕಾಣ್ತದೆ" ಎಂದು ಕೆಣಕಿದ. "ಮಾರುವುದಲ್ಲ ಮಾರಾಯ, ಮುಳುಗಿಸುವುದು" ಎಂದಳು ಇವಳು.

ಆ ಶುಕ್ರವಾರ ತೀರ್ಪು ಕೊಡಲು ಎಂದಿನಂತೆ ಮೇಲಿನ ಮನೆಯ ಝೊಹರಾ ಬಂದು ಚಾಪೆಯ ಮೇಲೆ ಕೂತಳು. ಉಳ್ಳಾಲದ ಬ್ಯಾರಿ ಹೆಂಗಸು, ಗಂಡನಿಗೆ ಸೂಕ್ ಪೇಟೆಯಲ್ಲಿ ಪಾತ್ರೆ ಅಂಗಡಿ. ಒಳ್ಳೆಯ ಮಾತು ಯಾರದೋ ಅವರ ಕಡೆಗೆ ಒಂದು ಖರ್ಜೂರ ತಿಂದು ಬೀಜ ಇಡುವುದು ಅವಳ ಪದ್ಧತಿ. "ಬೇಗ ಮುಗಿಸಿ, ನಿಮ್ಮ ವಾದದಲ್ಲಿ ನನ್ನ ಶುಗರ್ ಏರ್ತದೆ" ಎಂದು ಮೊದಲೇ ಎಚ್ಚರಿಸಿದಳು. ಕೊಗ್ಗ ಮೂಲೆಯ ಕುರ್ಚಿಯಲ್ಲಿದ್ದ. ಬೆಕ್ಕಿನ ವಾದದ ದಿನ ಮಗಳಿಗೆ ಕಣ್ಣುಸನ್ನೆ ಮಾಡಿ ಸಿಕ್ಕಿಬಿದ್ದ ಮೇಲೆ ಅವನು ಬಾಯಿ ಬಿಡುವಂತಿರಲಿಲ್ಲ.

"ಮೊದಲನೇದು," ವಾರಿಜಾಕ್ಷಿ ಹಾಳೆ ತೆಗೆದಳು, "ಬ್ರಿಟಿಷರ ಹಡಗಿಂದ ಹಾರಿದ ವಿಮಾನ ಜೂನಲ್ಲಿ ತಿರುವನಂತಪುರದಲ್ಲಿ ಇಳಿದು ಕೆಟ್ಟು ಕೂತದ್ದು ಎಷ್ಟು ದಿನ? ಐದು ವಾರ! ನಮ್ಮ ಕ್ಲಿನಿಕ್ಕಿನ ನರ್ಸುಗಳು ಅದಕ್ಕೆ ಆಯುರ್ವೇದ ಮಾಡಿಸ್ಲಿಕ್ಕೆ ಬಂದದ್ದು ಅಂತ ನಗಾಡಿದ್ರು. ನಿನ್ನನ್ನೂ ಹಾಗೆ ನಗಾಡಬೇಕಾ?"

"ಅಮ್ಮ, ವೆದರ್ ಸರಿ ಇರಲಿಲ್ಲ, ಫ್ಯೂಯಲ್ ಕಡಿಮೆ ಆಗಿತ್ತು. ಪೈಲಟ್ ಸೇಫಾಗಿ ಇಳಿಸಿದ. ರಿಪೇರಿ ಆದ ಮೇಲೆ ಹಾರಿಕೊಂಡೇ ಹೋಯ್ತು. ನಗಾಡಿದವರು ಯಾರೂ ಹಾರಿಸ್ಲಿಲ್ಲ."

ಝೊಹರಾ ಖರ್ಜೂರ ತಿಂದು ಬೀಜವನ್ನು ಮಗಳ ಕಡೆ ಇಟ್ಟಳು. ವಾರಿಜಾಕ್ಷಿ ಕ್ಯಾರೇ ಅನ್ನಲಿಲ್ಲ.

"ಎರಡನೇದು. ಎರಡು ಹಡಗು ಮಾಡಿದ್ರಲ್ಲ, ಒಂದರ ಪ್ರೊಪೆಲ್ಲರ್ ಶಾಫ್ಟ್ ಕೆಟ್ಟಿತು, ಅದಾಗಿ ಇನ್ನೊಂದರದ್ದೂ ಕೆಟ್ಟಿತು. ಕಾವಲಿಗೆ ಬೇರೆ ಹಡಗು ಬೇಕು, ಅದು ಅವರ ಹತ್ತಿರ ಸಾಕಷ್ಟಿಲ್ಲ. ಇಲ್ಲೇ ಪಕ್ಕದ ಕೆಂಪು ಸಮುದ್ರದಲ್ಲಿ ನೋಡಿದಿಯಲ್ಲ, ಸಣ್ಣ ಸಣ್ಣ ಡ್ರೋನ್ ಬಿಟ್ಟು ದೊಡ್ಡ ದೊಡ್ಡವರ ಬೆವರಿಳಿಸ್ತಾರೆ. ಅಷ್ಟು ದೊಡ್ಡ ಹಡಗು ಎಲ್ಲಿ ಅಡಗ್ತದೆ, ಹೇಳು?"

"ಅಡಗುವುದು ಬೇಡ, ಓಡಿದ್ರೆ ಸಾಕು. ನೆಲದ ಮೇಲಿನ ಏರ್‌ಪೋರ್ಟ್ ಓಡ್ತದಾ?"

"ಓಡ್ಲಿಕ್ಕೆ ಪ್ರೊಪೆಲ್ಲರ್ ಸರಿ ಇರಬೇಕಲ್ಲ!"

ಝೊಹರಾ ಕಿಸಕ್ಕನೆ ನಕ್ಕು ಬೀಜವನ್ನು ವಾರಿಜಾಕ್ಷಿಯ ಕಡೆ ಇಟ್ಟಳು. ಮೂರನೆಯದೂ ಅವಳಿಗೇ ಹೋಯಿತು. ಇನ್ನು ಮೇಲೆ ಆ ಹಡಗುಗಳಿಂದ ಪೈಲಟ್ ಇಲ್ಲದ ವಿಮಾನಗಳನ್ನೂ ಹಾರಿಸುತ್ತೇವೆಂದು ಬ್ರಿಟಿಷ್ ಸರ್ಕಾರವೇ ಬರೆದುಕೊಟ್ಟಿದೆ, ನೀನು ಹಾರಲು ಕಲಿಯುವಷ್ಟರಲ್ಲಿ ಕುರ್ಚಿಯೇ ಇರುವುದಿಲ್ಲ ಎಂದಳು. ದೀಕ್ಷಿತಾ, ಮಿಷಿನ್ ಒಂದೇ ಎಲ್ಲ ಮಾಡುವುದಿಲ್ಲ, ಮನುಷ್ಯರೂ ಬೇಕು ಎಂದೇನೋ ಹೇಳಹೋದಳು. ಮಾತು ಗಟ್ಟಿಯಾಗಿ ನಿಲ್ಲಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗೆಲ್ಲುವ ಹೊತ್ತಿಗೆ ಕೈ ಬಿಗಿ ಹಿಡಿಯುವುದು ವಾರಿಜಾಕ್ಷಿಯ ಜಾಯಮಾನವಲ್ಲ. ಕೊಗ್ಗನತ್ತ ಕೈ ತೋರಿಸಿದಳು. "ಈ ಜನರ ಎಡಗಿವಿ ನೋಡು. ಜೆಟ್ಟಿನ ಸದ್ದಿಗೆ ಹೋದದ್ದು. ನೀನು ಹುಟ್ಟಿ ಮೊದಲ ಸಲ ಅತ್ತಾಗ ಎಡಗಡೆ ಎತ್ತಿಕೊಂಡಿದ್ರು, ಕೇಳ್ಲಿಲ್ಲ. ಆ ಹಡಗು ಈಗ ಎಲ್ಲುಂಟು? ಒಡೆದು ಗುಜರಿಗೆ ಹಾಕಿಯಾಯ್ತು. ಕಿವಿ ವಾಪಸ್ ಕೊಟ್ರಾ? ಇದಕ್ಕೆ ಉತ್ತರ ಕೊಡು."

ದೀಕ್ಷಿತಾ ಅಪ್ಪನನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಮೆಲ್ಲಗೆ, "ಓಕೆ ಅಮ್ಮ. ನೀನು ಗೆದ್ದಿ. ಮೇಲ್ ಮಾಡ್ತೇನೆ" ಎಂದು ಫೋನ್ ಎತ್ತಿಕೊಂಡು ಎದ್ದಳು. "ಖಲಾಸ್" ಎಂದಳು ಝೊಹರಾ. ಅವಳ ದನಿಯಲ್ಲಿ ಖುಷಿಯಿರಲಿಲ್ಲ.

ವಾರಿಜಾಕ್ಷಿ ಗೆದ್ದಿದ್ದಳು. ಮೂರು ತಿಂಗಳು ಕಣ್ಣು ನೋಯಿಸಿಕೊಂಡು ಓದಿದ್ದಕ್ಕೆ ಫಲ ಸಿಕ್ಕಿತ್ತು, ಮಗಳು ಇಲ್ಲೇ ಉಳಿಯುತ್ತಾಳೆ. ಖುಷಿಯಾಗಬೇಕಿತ್ತು. ಅದರ ಬದಲು ತಲೆ ತಗ್ಗಿಸಿ ಕೋಣೆಗೆ ಹೋಗುತ್ತಿದ್ದ ಆ ಹುಡುಗಿಯ ಬೆನ್ನು ನೋಡಿ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟೇನಾ? ಇಷ್ಟಕ್ಕೇ ಮುಗಿಯಿತಾ? ಯಾರ ಮಗಳು ಇವಳು?

"ನಿಲ್ಲು!" ಎಂದು ಕಿರುಚಿದಳು. "ಬಾ ಇಲ್ಲಿ. ಕೂತ್ಕೋ. ಬಾಯಲ್ಲಿ ಎಂತ ಇಟ್ಕೊಂಡಿದ್ದಿ? ಬ್ರಿಟಿಷರು ಅಷ್ಟು ಬೈಸಿಕೊಂಡೂ ಆ ಹಡಗು ಯಾಕೆ ಬಿಡುವುದಿಲ್ಲ ಅಂತ ಓದ್ಲಿಲ್ವಾ ನೀನು? ನೆಲದ ಮೇಲಿನ ರನ್‌ವೇ ಇನ್ನೊಬ್ಬರ ಜಾಗ. ಅವರು ಆಗುವುದಿಲ್ಲ ಅಂದ್ರೆ ಖಲಾಸ್, ಇಳೀಲಿಕ್ಕಿಲ್ಲ, ಹಾರ್ಲಿಕ್ಕಿಲ್ಲ. ಹಡಗು ಇದ್ರೆ ರನ್‌ವೇ ನಿನ್ನದೇ. ಯಾರ ಎನ್‌ಒಸಿಯೂ ಬೇಡ! ಎನ್‌ಒಸಿ ಅಂದ್ರೆ ಎಂತ ಅಂತ ನನ್ನನ್ನು ಕೇಳು!"

ನಿಜಕ್ಕೂ ಅದನ್ನು ಅವಳನ್ನೇ ಕೇಳಬೇಕು. ಆಗೆಲ್ಲ ಇಲ್ಲಿ ಕೆಲಸ ಬದಲಿಸಬೇಕಾದರೆ ಹಳೆಯ ಕಫೀಲ್, ಎಂದರೆ ವೀಸಾ ಕೊಟ್ಟ ಧಣಿ, ನನ್ನ ಅಭ್ಯಂತರವಿಲ್ಲ ಎಂದು ಕಾಗದ ಕೊಡಬೇಕಿತ್ತು. ಕೊಡದಿದ್ದರೆ ದೇಶ ಬಿಟ್ಟು ಎರಡು ವರ್ಷ ಹೊರಗಿರಬೇಕು. ಒಂಬತ್ತು ವರ್ಷದ ಕೆಳಗೆ ವಾರಿಜಾಕ್ಷಿ ಬೇರೊಂದು ಕ್ಲಿನಿಕ್ಕಿನಲ್ಲಿದ್ದಳು. ಧಣಿಯ ನೆಂಟನೊಬ್ಬ ಸಾಲು ಬಿಟ್ಟು ಒಳಗೆ ನುಗ್ಗಿದಾಗ ತಡೆದು, ಜ್ವರದಲ್ಲಿ ನಡುಗುತ್ತಿದ್ದ ಬಂಗಾಳಿ ಕೂಲಿಯವನನ್ನು ಮೊದಲು ಕಳಿಸಿದಳು. ಎಲ್ಲರೆದುರು ಕ್ಷಮೆ ಕೇಳು ಎಂದ ಧಣಿ. ಕೇಳಲಿಲ್ಲ, ರಾಜೀನಾಮೆ ಕೊಟ್ಟಳು. ಕ್ಷಮೆ ಕೇಳಿದರೆ ಮಾತ್ರ ಎನ್‌ಒಸಿ ಎಂದ. ಆಗಲೂ ಕೇಳಲಿಲ್ಲ. ಹದಿಮೂರು ವರ್ಷದ ಮಗಳನ್ನು ಗಂಡನ ಹತ್ತಿರ ಬಿಟ್ಟು ಮಲ್ಪೆಗೆ ಹೋಗಿ ಕೂತು, ಎರಡು ವರ್ಷ ತುಂಬಿದ ಮೇಲೆ ಹೊಸ ವೀಸಾದಲ್ಲಿ ಬಂದು, ಹಳೆಯ ಕ್ಲಿನಿಕ್ಕಿನ ಎದುರಿನ ಕ್ಲಿನಿಕ್ಕಿನಲ್ಲೇ ಕೆಲಸಕ್ಕೆ ಸೇರಿದಳು.

ದೀಕ್ಷಿತಾ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಅಮ್ಮನದೇ.

"ಆಗ ನಾನು ನಿನ್ನನ್ನು ಹೋಗಬೇಡ ಅಂದಿದ್ನಾ ಅಮ್ಮ?"

"ಇಲ್ಲ."

"ನನಗೆ ತುಂಬ ಹೆದರಿಕೆ ಆಗಿತ್ತು. ಅಕ್ಕಿಗೆ ಎಷ್ಟು ನೀರು ಇಡಬೇಕು ಅಂತ ಸಹ ಗೊತ್ತಿರಲಿಲ್ಲ. ಆದ್ರೂ ಹೇಳ್ಲಿಲ್ಲ. ಸಾರಿ ಕೇಳಿ ಇಲ್ಲೇ ಇರು ಅಂತ ಒಂದು ಸಲ ಸಹ ಹೇಳ್ಲಿಲ್ಲ. ಮತ್ತೆ ಪಪ್ಪನ ಕಿವಿದು, ಅದು ನಿನ್ನದಲ್ಲ, ನನ್ನದೂ ಅಲ್ಲ. ನಾವು ಯಾಕೆ ಅದನ್ನು ಇಟ್ಟುಕೊಂಡು ವಾದ ಮಾಡ್ತೇವೆ? ಪಪ್ಪನನ್ನೇ ಕೇಳು."

ವಾರಿಜಾಕ್ಷಿ ಗಂಡನತ್ತ ತಿರುಗಿದಳು. ಇಷ್ಟು ವರ್ಷ ಆ ಕಿವಿಗಾಗಿ ಹಡಗನ್ನು ಬೈದಿದ್ದಳು, ನೌಕಾಪಡೆಯನ್ನು ಬೈದಿದ್ದಳು, ಬ್ರಿಟಿಷರನ್ನೂ ಬಿಟ್ಟಿರಲಿಲ್ಲ. ಅವನನ್ನು ಒಮ್ಮೆಯೂ ಕೇಳಿರಲಿಲ್ಲ.

"ಹೇಳಿ ಈಗ," ಎಂದಳು.

ಕೊಗ್ಗ ಕೆಮ್ಮಿದ. ಅವನಿಗೆ ಮಾತು ಬರುವುದೇ ಕಷ್ಟ. "ಮಾತಾಡ್ಬಹುದಾ?" ಎಂದು ಝೊಹರಾಳನ್ನು ಕೇಳಿ, ಅವಳು ತಲೆಯಾಡಿಸಿದ ಮೇಲೆ ಹೇಳಿದ. "ಎಂತ ಹೇಳುವುದು. ನನ್ನ ಸನ್ನೆ ನೋಡಿ ಒಂದು ವಿಮಾನ ಬಂದು ನಿಲ್ತಿತ್ತು. ಮೀನುಗಾರನ ಮಗ ನಾನು, ಹತ್ತನೇ ಕ್ಲಾಸು. ನನ್ನ ಎರಡು ಕೈ ನೋಡಿ ನಿಲ್ತಿತ್ತು ವಾರಿಜಾ. ಆ ಕೆಲಸ ವಾಪಸ್ ಕೊಡ್ತೇವೆ ಅಂದ್ರೆ ಈ ಇನ್ನೊಂದು ಕಿವಿಯನ್ನೂ ಕೊಟ್ಟು ಹೋಗ್ತೇನೆ."

ವಾರಿಜಾಕ್ಷಿ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದಳು. ನಲ್ಲಿ ತಿರುಗಿಸಿ ಮುಖ ತೊಳೆದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು, ಸೆರಗು ಸೊಂಟದಲ್ಲಿತ್ತು.

"ಝೊಹರಾ, ನನ್ನ ಕಡೆದು ಎಲ್ಲ ತೆಗಿ," ಎಂದಳು. "ನಾನು ಇಷ್ಟು ದಿನ ಹೇಳಿದ್ದು ಹಡಗಿನ ವಿಷಯ ಅಲ್ಲ. ನನಗೆ ಹೆದರಿಕೆ. ಇವಳು ಸಮುದ್ರದ ಮೇಲೆ ಹೋಗಿ ಬರದಿದ್ರೆ ಅಂತ ಹೆದರಿಕೆ. ಅದು ವಾದ ಅಲ್ಲ. ಅದು ನನ್ನದು, ನಾನೇ ಇಟ್ಟುಕೊಳ್ತೇನೆ."

ದೀಕ್ಷಿತಾ ಅಮ್ಮನನ್ನು ತಬ್ಬಿಕೊಳ್ಳಲು ಎದ್ದಳು. ವಾರಿಜಾಕ್ಷಿ ಬೆರಳೆತ್ತಿ ಅಲ್ಲೇ ನಿಲ್ಲಿಸಿದಳು.

"ಅದೆಲ್ಲ ಆಮೇಲೆ. ಮೊದಲು ಕೇಳು. ಬೆಂಗಳೂರಲ್ಲಿ ಆ ಆಫೀಸರ್‌ಗಳು ನನಗಿಂತ ಜಾಸ್ತಿ ಓದಿಕೊಂಡು ಕೂತಿರ್ತಾರೆ. ನಾನು ಕೇಳಿದ್ದನ್ನೇ ಕೇಳ್ತಾರೆ, ಇನ್ನೂ ಚುಚ್ಚಿ ಕೇಳ್ತಾರೆ. ಅಲ್ಲಿ ಓಕೆ ನೀವು ಗೆದ್ರಿ ಅಂತ ಎದ್ದು ಬಂದ್ಯೋ, ಈ ಬಾಗಿಲು ತೆಗೆಯುವುದಿಲ್ಲ. ಸೋತು ಬಾ, ತೊಂದರೆ ಇಲ್ಲ. ಒಪ್ಪಿಕೊಂಡು ಬರಬೇಡ."