ಅಧ್ಯಯನದ ಹೊರಗಿದ್ದ ಅಕ್ಕ

ನನ್ನ ನಿವೃತ್ತಿ ಹತ್ತಿರವಿದ್ದಾಗ, ಹಿರಿಯ ದಾದಿಯರೆಲ್ಲ ಸಂಶೋಧನೆಯ ತರಬೇತಿ ಪಡೆಯಬೇಕೆಂದು ನಮ್ಮ ಆಸ್ಪತ್ರೆಗೆ ಆದೇಶ ಬಂತು. ಮೂಡಿಗೆರೆ ಕಡೆಯ ಆ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ನನ್ನ ಸುಪರ್ದಿಯಲ್ಲಿತ್ತು. ವಾರಕ್ಕೊಮ್ಮೆ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ತರಗತಿಯಲ್ಲಿ ಕೂರಬೇಕು. ಪಾಠ ಹೇಳುವ ಮೇಡಂ ನನ್ನ ಮಗಳ ವಯಸ್ಸಿನವರು.

ಮೊದಲ ದಿನವೇ ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನಿಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಯೋ ಮುಂಚೆನೇ ಎಲ್ಲರ ಹಾಸಿಗೆ ಬದಲಾಯಿಸ್ತೀರಿ. ಯಾಕೆ?"

"ಹಾಗೇ ಕಲಿಸಿದ್ದಾರೆ."

"ಅದು ಅಭ್ಯಾಸ ಆಯ್ತು ಸಿಸ್ಟರ್. ನಾನು ಕಾರಣ ಕೇಳಿದ್ದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತರಬೇತಿ ಪಡೆದ ಹಾಸ್ಟೆಲಿನಲ್ಲಿ ಗಂಟೆ ಹೊಡೆದ ಮೇಲೆ ಮಲಗಿದ್ದವರಿಗೆ ತಿಂಡಿ ಇರಲಿಲ್ಲ. ಹೊದಿಕೆಯ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಬೇಕಿತ್ತು. ಕಾರಣ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಅಂದು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಸಿಟ್ಟು ಇಳಿಯಲಿಲ್ಲ.

ಆದರೆ ಪಾಠ ಮುಂದುವರಿದಂತೆ ಅದು ನನಗೆ ಹೇಳಿ ಮಾಡಿಸಿದ ವಿದ್ಯೆ ಅನ್ನಿಸಿತು. ಪ್ರಶ್ನೆ ಚಿಕ್ಕದಿರಬೇಕು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಮೊದಲೇ ಗೊತ್ತು ಮಾಡಬೇಕು. ಸೇರಿದವರಲ್ಲಿ ಹೊಸ ಆರೈಕೆ ಯಾರಿಗೆ, ಹಳೆಯದು ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕೇ ಹೊರತು ನಮ್ಮ ಇಷ್ಟದಂತಲ್ಲ. ಎಲ್ಲರನ್ನೂ ಒಂದೇ ಮಾತಿನಲ್ಲಿ ವಿಚಾರಿಸಬೇಕು. ಗಂಟೆಗೆ ತಕ್ಕಂತೆ ಬದುಕಿದವಳಿಗೆ ಇದರಲ್ಲಿ ಕಷ್ಟವೇನಿತ್ತು?

ಪ್ರಶ್ನೆ ಹೊಳೆದದ್ದು ಅಕ್ಕನಿಂದ. ಬಾಳೂರಿನ ಕಡೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದೇ ಅವಳು ನನ್ನನ್ನು ಓದಿಸಿದಳು. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಪಾದಗಳು ಜೋಮು ಹಿಡಿದು ಸ್ಪರ್ಶವೇ ತಿಳಿಯದಂತಾಗಿದ್ದವು. ಬಲಗಾಲಿನ ಹೆಬ್ಬೆರಳಿಗೆ ಕಡಿದ ಗಿಡದ ಕೊರೆ ತಾಗಿ ಆದ ಗಾಯ ಗೊತ್ತಾಗದೇ ಕೊಳೆತು, ಆಗ ನನ್ನ ವಾರ್ಡಿನಲ್ಲೇ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಳು. ಒಂದು ಬೆಳಿಗ್ಗೆ ಗಾಯ ತೊಳೆಯುವಾಗ, "ಇಲ್ಲಿ ನಿದ್ದೆನೇ ಹತ್ತಲ್ಲ ಮಾರಾಯ್ತಿ. ಕಾಲಿಗೆ ಬಿಸಿನೀರು ಬೀಳದೆ ಹ್ಯಾಂಗೆ ನಿದ್ದೆ ಬರ್ತದೆ?" ಅಂದಳು.

ಅವಳು ಹೇಳಿದ್ದು ಲೈನ್ ಮನೆಗಳ ರೂಢಿ. ಕೂಲಿಯವರ ಸಾಲು ಮನೆಗಳಿಗೆಲ್ಲ ಸೇರಿ ಒಂದೇ ಬಚ್ಚಲು, ಒಂದೇ ಹಂಡೆ. ತೋಟದಿಂದ ಬಂದ ಹೆಂಗಸರು ರಕ್ತ ಹೀರಲು ಕಾಲಿಗೆ ಹತ್ತಿದ ಇಂಬಳ ಕಿತ್ತು ಹಾಕಿ, ಸರದಿಯಲ್ಲಿ ಒಬ್ಬರಿಗೊಬ್ಬರು ಮೊಣಕಾಲಿನಿಂದ ಕೆಳಗೆ ಬಿಸಿನೀರು ಹೊಯ್ಯುತ್ತಾರೆ. ಆಮೇಲೇ ಒಲೆ, ಅಡುಗೆ.

ನನ್ನ ವಾರ್ಡಿನಲ್ಲಿ ಮಲಗುತ್ತಿದ್ದವರಲ್ಲಿ ಹೆಚ್ಚಿನವರು ಇಂಥವರೇ. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟರೆ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ? ಮೇಡಂ ಪ್ರಶ್ನೆಯನ್ನು ಒಪ್ಪಿ, ಕೂಡಲೇ ಒಂದು ಗೆರೆ ಎಳೆದರು: ಕಾಲಿನಲ್ಲಿ ಗಾಯವಿರುವವರು, ಸ್ಪರ್ಶ ತಿಳಿಯದವರು ಅಧ್ಯಯನದಿಂದ ಹೊರಗೆ. ಅವರಿಗೆ ನೀರು ಸುಟ್ಟರೂ ಗೊತ್ತಾಗುವುದಿಲ್ಲ. ಅನುಮತಿ ಕೊಡುವ ಸಮಿತಿಯೂ ಹಾಗೇ ಹೇಳಿತು. ಹೀಗೆ ಪ್ರಶ್ನೆ ಕೊಟ್ಟವಳೇ ಮೊದಲು ಹೊರಗಾದಳು.

"ಅಕ್ಕ, ನಿನಗೆ ಬಿಸಿನೀರು ಬೇಡ," ಎಂದೆ.

"ಆಯ್ತು," ಎಂದಳು. ನಾನು ಮುಂದಿನ ಮಂಚಕ್ಕೆ ಹೋದೆ.

ಕೊಯ್ಲಿನ ಕಾಲ. ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದವರಿಂದ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಚೀಟಿ ಎತ್ತಿಸಿದೆ. ಸಂಜೆ ಥರ್ಮಾಮೀಟರಿನಲ್ಲಿ ಬಿಸಿ ನೋಡಿ ಟಬ್ಬಿಗೆ ನೀರು ತುಂಬಿಸಿ, ಬಿಸಿನೀರಿನ ಚೀಟಿ ಬಂದವರ ಕಾಲನ್ನು ಇಡಿಸಿ, ಒರೆಸಿ, ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬಂದು ಅಧ್ಯಯನಕ್ಕೆ ಸೇರಿದವರೆಲ್ಲರ ನಿದ್ದೆ ವಿಚಾರಿಸುತ್ತಿದ್ದೆ. ಅಕ್ಕನ ಮಂಚಕ್ಕೆ ಬಂದಾಗ ಅವಳು ಎದ್ದು ಕೂತು ಕಾಯುತ್ತಿದ್ದಳು. ನಾನು ಬ್ಯಾಂಡೇಜ್ ಬಿಚ್ಚಿ ಗಾಯ ನೋಡುತ್ತಿದ್ದೆ. ಕಪ್ಪು ಬಣ್ಣ ಪಾದದ ಮೇಲಕ್ಕೆ ಏರುತ್ತಿತ್ತು. ಆ ಕಾಲು ಉಳಿಯುತ್ತದೆಯೋ ಇಲ್ಲವೋ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಕೆಲವು ದಿನ ಕಳೆದ ಮೇಲೆ ನನಗೊಂದು ಗೊಂದಲ ಶುರುವಾಯಿತು. ಬಿಸಿನೀರು ಸಿಕ್ಕವರೂ ಚೆನ್ನಾಗಿ ನಿದ್ದೆ ಬಂತು ಅನ್ನುತ್ತಿದ್ದರು, ಸಿಗದವರೂ ಅನ್ನುತ್ತಿದ್ದರು. ಮೇಡಂಗೆ ಫೋನು ಮಾಡಿದೆ. "ನೀವು ಹೋದ ಮೇಲೆ ವಾರ್ಡಿನಲ್ಲಿ ಏನಾಗುತ್ತೆ ಅಂತ ನೋಡಿದ್ದೀರಾ?" ಎಂದು ಕೇಳಿದರು. ನಾನಿಲ್ಲದಾಗ ನನ್ನ ವಾರ್ಡಿನಲ್ಲಿ ಬೇರೆ ಏನಾದರೂ ಆಗಬಹುದೆಂದು ಯೋಚಿಸಿಯೇ ಇರಲಿಲ್ಲ.

ಆ ಸಂಜೆ ಬಸ್ ನಿಲ್ದಾಣದವರೆಗೆ ಹೋದವಳು ವಾಪಸು ಬಂದೆ. ಬಾಗಿಲಲ್ಲೇ ನಗು ಕೇಳಿಸಿತು. ಜಾವಳಿ ಕಡೆಯಿಂದ ಬಂದು ಸೇರಿದ್ದ ಅಜ್ಜಿಯೊಬ್ಬರ ಸೊಸೆ ಗೀಸರಿನ ನೀರನ್ನು ಬಕೆಟ್ಟಿನಲ್ಲಿ ತಂದು, ಅದೇ ಟಬ್ಬನ್ನು ಮಂಚದಿಂದ ಮಂಚಕ್ಕೆ ಎಳೆಯುತ್ತಿದ್ದಳು. ಹಬೆ ಏಳುತ್ತಿತ್ತು. ಚೀಟಿ ಬಂದವರು, ಬರದವರು, ಎಲ್ಲರೂ ಸೀರೆಯನ್ನು ಮೊಣಕಾಲಿಗೆ ಎತ್ತಿ ಕೂತಿದ್ದರು.

"ಎಂತ ಇದು? ಇವರಿಗೆ ಚೀಟಿ ಬಂದಿಲ್ವಲ್ಲ!"

ಸೊಸೆ ಬೆಚ್ಚಿಬಿದ್ದರೂ ಬಕೆಟ್ ಬಿಡಲಿಲ್ಲ. "ಪಕ್ಕದ ಮಂಚದವ್ರು ಬಾಯಿ ಬಿಟ್ಕೊಂಡು ನೋಡ್ತಿದ್ರೆ ನಮ್ಮತ್ತೆ ಒಬ್ರೇ ಕಾಲು ಇಳಿಬಿಟ್ಕೊಂಡು ಕೂರೋದಾ ಸಿಸ್ಟ್ರೇ? ಲೈನಲ್ಲಿ ಹಂಗೆ ಮಾಡಿದ್ರೆ ಮಾರನೇ ದಿನ ಒಬ್ರೂ ಮಾತಾಡ್ಸಲ್ಲ."

"ಬೈಬೇಡಿ ಅವಳಿಗೆ," ಅಂದರು ಅಜ್ಜಿ. "ನಾನೇ ಹೇಳಿದ್ದು. ನಿಮ್ಮ ಚೀಟಿಗೆ ಎಂತ ಗೊತ್ತು ಯಾರಿಗೆ ಚಳಿ ಅಂತ?"

ವಾರ್ಡೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕಿಟಕಿ ಪಕ್ಕಕ್ಕೆ ಓಡಿದೆ. ಅಷ್ಟು ಬಿಸಿಯ ನೀರು ಅಕ್ಕನ ಪಾದಕ್ಕೆ ಬಿದ್ದಿದ್ದರೆ?

"ಅವ್ರು ಒಬ್ರೇ ಒಪ್ಪಲ್ಲ," ಹಿಂದಿನಿಂದ ಸೊಸೆ ಹೇಳಿದಳು. "ದಿನಾ ಕರೀತೀನಿ. ನಮ್ಮ ತಂಗಿ ಪರೀಕ್ಷೆ ಕೆಡ್ತದೆ, ನಂಗೆ ಬೇಡ ಅಂತ ಬಂದಿದೆ ಅಂತಾರೆ. ಗೋಡೆ ಕಡೆ ತಿರುಗಿ ಮಲಗ್ತಾರೆ."

ಅಕ್ಕನ ಪಾದ ಮುಟ್ಟಿ ನೋಡಿದೆ. ಒಣಗಿ ತಣ್ಣಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಮುಟ್ಟಿಲ್ಲ ನೋಡು," ಎಂದಳು. "ಇವ್ರೆಲ್ಲ ಕಳ್ಳಾಟ ಆಡಿದ್ರೂ ನಂದು ಸರಿ ಉಂಟಲ್ಲ? ಅಷ್ಟು ಸಾಕಾಗ್ತದಾ ನಿಂಗೆ?"

ಅವಳ ಪ್ರಕಾರ ವಾರ್ಡಿನಲ್ಲಿ ಇದ್ದದ್ದು ಎರಡೇ ಗುಂಪು: ನೀರು ಸಿಕ್ಕವರು, ಸಿಗದವರು. ತಾನು ಎರಡನೆಯದರಲ್ಲಿ ಇದ್ದೇನೆಂದು ತಿಳಿದು, ಆ ಗುಂಪಿನ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ನಾನು ಮಂಚದ ತುದಿಯಲ್ಲಿ ಕೂತೆ. ಡ್ಯೂಟಿಯ ಬಟ್ಟೆಯಲ್ಲಿ ರೋಗಿಯ ಮಂಚದ ಮೇಲೆ ಕೂತದ್ದು ಅದೇ ಮೊದಲು.

"ಅಕ್ಕ, ನೀನು ಇದರಲ್ಲಿ ಇಲ್ಲವೇ ಇಲ್ಲ. ನಿನ್ನ ಕಾಲಿಗೆ ಬಿಸಿ ತಿಳಿಯಲ್ಲ, ಸುಟ್ಟು ಹೋಗುತ್ತೆ ಅಂತ ನಿನ್ನನ್ನ ಸೇರಿಸಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾರೆ ನನ್ನಿಂದ ನಿಂಗೆ ಎಂತದೂ ಉಪಯೋಗ ಆಗ್ಲಿಲ್ವ?"

"ನಿನ್ನ ಕಾಲು ಸುಡದೆ ಉಳೀತು."

"ಎಂತ ಉಳಿಯೂದು," ಎಂದು ಅವಳು ಬ್ಯಾಂಡೇಜಿನ ಕಡೆ ನೋಡಿದಳು. ಮಧ್ಯಾಹ್ನವಷ್ಟೇ ವೈದ್ಯರು ಹೇಳಿದ್ದರು: ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕು, ಬೆಳಿಗ್ಗೆಯೇ ಮಂಗಳೂರಿಗೆ ಕಳುಹಿಸಬೇಕು. ನಾನಿನ್ನೂ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಿತ್ತು.

ನಾನು ಎದ್ದು ಹೋಗಿ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ತಂದೆ. ಗಾಯವಿಲ್ಲದ ಎಡಗಾಲನ್ನು ಮಂಚದಿಂದ ಇಳಿಸಿ, ಮೊಣಕೈಯಿಂದ ಬಿಸಿ ನೋಡಿ, ಮೊಣಕಾಲಿನಿಂದ ಕೆಳಗೆ ನಿಧಾನ ಹೊಯ್ದೆ. ನಾನು ಕರೆಯದೆಯೇ ಸೊಸೆ ಬಂದು ಬೋಗುಣಿ ಹಿಡಿದಳು. ನೀರು ಮೀನಖಂಡ ದಾಟುವವರೆಗೆ ಅಕ್ಕ ಕಣ್ಣು ಮುಚ್ಚಿದ್ದಳು. ಪಾದಕ್ಕೆ ಬಂದಾಗ ಕಣ್ಣು ಬಿಟ್ಟು ಬಗ್ಗಿ ನೋಡಿದಳು.

"ಹೊಯ್ತಾ ಇದೀಯಲ್ಲ?"

"ಹೊಯ್ತಾ ಇದೀನಿ."

"ಹ್ಞೂಂ," ಎಂದಳು. "ಇನ್ನೊಂದು ಚೂರು."

ಮಂಗಳೂರಿನಲ್ಲಿ ಕಾಲು ತೆಗೆದರು. ಆಮೇಲೆ ಬಂದ ಜ್ವರ ಇಳಿಯಲೇ ಇಲ್ಲ. ಅಕ್ಕ ವಾಪಸು ಬರಲಿಲ್ಲ.

ತಿಥಿ ಮುಗಿಸಿ ತರಗತಿಗೆ ಹೋಗಿ, ಅಧ್ಯಯನ ಕೆಟ್ಟಿತು ಎಂದು ಮೇಡಂಗೆ ಹೇಳಿದೆ. "ಕೆಟ್ಟದ್ದನ್ನು ಕೆಟ್ಟಿತು ಅಂತ ಬರೆದರೆ ಅದೂ ಸಂಶೋಧನೆಯೇ," ಎಂದರು ಅವರು. ಇಲ್ಲಿಯ ಹೆಂಗಸರು ಬಿಸಿನೀರನ್ನು ಒಬ್ಬರೇ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಒಂದೇ ವಾರ್ಡಿನಲ್ಲಿ ಎರಡು ಗುಂಪು ಮಾಡಬಾರದಿತ್ತು ಎಂದು ಬರೆದೆ. ಮೇಡಂ ಅದನ್ನು ತರಗತಿಗೆ ಓದಿ ಹೇಳಿದರು. ಅಕ್ಕನನ್ನು ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ಕಾಲಿನ ತೊಂದರೆಯಿಂದ ಹೊರಗಿಟ್ಟವರು ಎಂಬ ಸಾಲಿನಲ್ಲಿ ಅವಳೂ ಒಬ್ಬಳು, ಅಷ್ಟೇ.

ನಿವೃತ್ತಿಯಾದ ಮೇಲೆ, ಹೊಸದಾಗಿ ಸೇರಿದ ದಾದಿಯರಿಗೆ ಇದೇ ಪಾಠದ ಮೊದಲ ಭಾಗ ಹೇಳಲು ನನ್ನನ್ನು ಕರೆಯುತ್ತಾರೆ. ಅಧ್ಯಯನಕ್ಕೆ ಸೇರಿದವರ ಜೊತೆ ಹೇಗೆ ಮಾತಾಡಬೇಕೆಂದು ಪುಸ್ತಕದಲ್ಲಿದೆ; ಅದನ್ನು ಓದಿಸುತ್ತೇನೆ. ಆಮೇಲೆ, ಸೇರಿಸದೆ ಬಿಟ್ಟವರ ಹತ್ತಿರ ಕೂತು, ಯಾಕೆ ಬಿಟ್ಟಿರಿ ಎಂದು ಅವರಿಗೆ ಅರ್ಥವಾಗುವವರೆಗೆ ಹೇಳಿ ಎನ್ನುತ್ತೇನೆ. ಹೋದ ಸಲ ಮುಂದಿನ ಸಾಲಿನ ಹುಡುಗಿಯೊಬ್ಬಳು ಪುಟ ತಿರುವಿ ನೋಡಿ, "ಇದು ಪುಸ್ತಕದಲ್ಲಿ ಇಲ್ವಲ್ಲ ಮೇಡಂ," ಅಂದಳು.

"ಇಲ್ಲ," ಎಂದೆ. "ಬರ್ಕೊಳ್ಳಿ."