ಒಂಬತ್ತನೇ ಕಾಲಮ್ಮಿಗೆ ಒಂದು ಜಗಳ ಬೇಕಾಗಿತ್ತು

ಹೋದ ಭಾನುವಾರ ನನ್ನ ಸೊಸೆ ನನ್ನನ್ನು ಹೊರಗೆ ಹಾಕಿದಳು.

ಮನೆಯಿಂದಲ್ಲ. ಹಡಗಲಿಯಲ್ಲಿ ನಡೆದ ಚೆಸ್ ಟೂರ್ನಮೆಂಟಿನಿಂದ. ಹಾಲ್ ತುಂಬ ಜನರ ಎದುರಿಗೆ ತೋರುಬೆರಳನ್ನು ಬಾಗಿಲ ಕಡೆ ಚಾಚಿ, "ಅತ್ತಿಯವರ, ಹೊರಗ ನಡೀರಿ" ಅಂದಳು. ನಡೆದೆ. ಇನ್ನೇನು ಮಾಡಲಿ? ಚಪ್ಪಲಿಯೂ ಬಾಗಿಲಲ್ಲೇ ಇದ್ದವು.

ನನ್ನ ಪರವಾಗಿ ಸಿಟ್ಟಾಗುವ ಮೊದಲು ಪೂರ್ತಿ ಓದಿ. (ಹಿಂದೆ ಇದೇ ಪತ್ರಿಕೆಯಲ್ಲಿ ನಲ್ಲಿಕಟ್ಟೆಯ ಬಗ್ಗೆ ಬರೆದಾಗ ಅರ್ಧ ಓದಿ ಜಗಳಕ್ಕೆ ಬಂದವರು ನಿಮ್ಮಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ಎದುರು ಮನೆಯವರು.)

ಸೊಸೆ ಶಕುಂತಲಾ ನಮ್ಮ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಕೊಟ್ಟೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಅವಳಿಗೆ ಚೆಸ್ಸಿನ ಹುಚ್ಚು. ಆಡುವ ಹುಚ್ಚಲ್ಲ, ಆಡಿಸುವ ಹುಚ್ಚು. ಟೂರ್ನಮೆಂಟ್ ನಡೆಸುವ ತೀರ್ಪುಗಾರರಾಗುವುದಕ್ಕೂ ಸರ್ಟಿಫಿಕೇಟ್ ಬೇಕಂತೆ, ಅದಕ್ಕೊಂದು ಪರೀಕ್ಷೆಯಂತೆ. ಬರೆದಳು, ಪಾಸಾದಳು. ಪಾಸಾದ ಮೇಲೆ ಪೋಸ್ಟಿನಲ್ಲಿ ಒಂದು ಅರ್ಜಿ ಬಂತು. ಈಗ ಅನುಭವ ತೋರಿಸಬೇಕಂತೆ!

ನಾನು ಮೂರು ಮಕ್ಕಳನ್ನು ಹೆತ್ತೆ. ಮೊದಲನೆಯದಕ್ಕೆ ಮುಂಚೆ "ನಿನಗೆ ಎಷ್ಟು ವರ್ಷದ ಅನುಭವ ಇದೆ?" ಅಂತ ಒಬ್ಬರೂ ಕೇಳಲಿಲ್ಲ. ಇಬ್ಬರು ಗಂಡಸರು ಕೂತು ಮರದ ಕುದುರೆ ಸರಿಸುವುದನ್ನು ನೋಡಿಕೊಳ್ಳುವುದಕ್ಕೆ ಹತ್ತು ಕಾಲಮ್ಮಿನ ಅರ್ಜಿಯೇ?

ನಾಲ್ಕನೇ ಕ್ಲಾಸಿನ ಓದು ನನ್ನದು. ಆದರೂ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದೆ. ಎಷ್ಟು ಟೂರ್ನಮೆಂಟಿನಲ್ಲಿ ಸಹಾಯಕಿ ಆಗಿದ್ದೆ, ಎಷ್ಟು ಜನ ಆಡಿದರು, ಎಷ್ಟು ಸುತ್ತು ನಡೆದವು. ಎಲ್ಲ ತುಂಬಿದ್ದಳು. ಒಂಬತ್ತನೇ ಕಾಲಂ ಮಾತ್ರ ಖಾಲಿ. ಅದರ ಮೇಲೆ ಹೀಗೆ ಅಚ್ಚಾಗಿತ್ತು: ಆಟದಲ್ಲಿ ಎದ್ದ ತಕರಾರಿಗೆ ಸ್ವತಃ ಕೊಟ್ಟ ತೀರ್ಪಿನ ವಿವರ, ಹಿರಿಯ ತೀರ್ಪುಗಾರರ ಸಹಿ.

"ನಾಲ್ಕು ಟೂರ್ನಮೆಂಟ್ ಮಾಡೀಯಲ್ಲ, ಒಂದಾದ್ರೂ ಜಗಳ ಬಿಡಿಸಿಲ್ಲೇನು?" ಅಂದೆ.

"ಎಲ್ಲಿ ಬಿಡಿಸ್ಲಿ ಅತ್ತಿ? ಕೂಡ್ಲಿಗ್ಯಾಗ ಹಾರ ಹಿಡಕಂಡು ನಿಂದ್ರಿಸಿದ್ರು. ಬೊಮ್ಮನಹಳ್ಳ್ಯಾಗ ಉಪ್ಪಿಟ್ಟು ಬಡಿಸೋದಕ್ಕ ಹಾಕಿದ್ರು. ಇಲ್ಲೇ ಕೊಟ್ಟೂರಾಗ ಗಂಟಿ ಬಾರಿಸ್ದೆ."

"ಹರಪನಹಳ್ಳ್ಯಾಗ?"

ಅವಳು ಹಣೆ ಒತ್ತಿಕೊಂಡಳು. ಹರಪನಹಳ್ಳಿಯಲ್ಲಿ ನಿಜವಾಗಿಯೂ ಒಂದು ಜಗಳ ಹುಟ್ಟಿತ್ತಂತೆ. ಒಬ್ಬ ಕುದುರೆಯನ್ನು ಎತ್ತಿ, ಮನಸ್ಸು ಬದಲಿಸಿ, ಮತ್ತೆ ಅಲ್ಲೇ ಇಟ್ಟ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವುದು ಚೆಸ್ಸಿನ ಕಾನೂನು. ಎದುರಿನವನು ಎದ್ದು ನಿಂತು ಕೂಗಿದ. ಶಕುಂತಲಾ ರೂಲ್ ಬುಕ್ ಹಿಡಿದು ಓಡಿದಳು. ಅಷ್ಟರಲ್ಲಿ ಅವರ ಮಾತು ಬೇರೆ ಕಡೆ ಹೊರಳಿತ್ತು.

"ಯಾವೂರಪ್ಪಾ ನಿಂದು?"

"ಹೊಳಲು."

"ಹೊಳಲಾಗ ಯಾರ ಪೈಕಿ?"

"ಕಿರಾಣಿ ಬಸಣ್ಣರ ತಮ್ಮನ ಮಗ."

"ಅಯ್ಯ ನಿನ್ನ! ನಮ್ಮಕ್ಕನ್ನ ಕೊಟ್ಟಿದ್ದು ಅದ ಓಣ್ಯಾಗಲ್ಲೋ! ನಿನ್ನ ಕುದುರಿ ಎಲ್ಲಿ ಬೇಕಾದ್ರೂ ಇಡು ಮಾರಾಯ, ನನ್ನ ತಲಿ ಮ್ಯಾಲ ಇಡು."

ಇಬ್ಬರೂ ಆಟವನ್ನು ಸಮ ಮಾಡಿಕೊಂಡು ಚಹಾಕ್ಕೆ ಹೋದರು. ಶಕುಂತಲಾ ಪುಸ್ತಕದ ಪುಟದಲ್ಲಿ ಬೆರಳಿಟ್ಟುಕೊಂಡು ನಿಂತಳು.

ಇದು ನಮ್ಮ ಕಡೆಯ ರೋಗ. ಬಸ್ಸಿನಲ್ಲಿ ಕರ್ಚೀಫು ಹಾಕಿದ ಸೀಟಿಗೆ ಹೊಡೆದಾಡುತ್ತೇವೆ. ಆದರೆ ಎರಡು ನಿಮಿಷ ಎದುರುಬದುರು ಕೂರಿಸಿದರೆ ಸಾಕು, ಎಲ್ಲಿಂದಲೋ ಒಬ್ಬ ಅಕ್ಕ ಸಿಗುತ್ತಾಳೆ. ಹೀಗಾದರೆ ತೀರ್ಪುಗಾರರು ಬದುಕುವುದು ಹೇಗೆ?

ಹಡಗಲಿಯದೇ ಕೊನೆಯ ಅವಕಾಶ. ಸೋಮವಾರ ಅರ್ಜಿ ಪೋಸ್ಟಾಗಬೇಕು. ಸರ್ಟಿಫಿಕೇಟ್ ಬಂದರೆ ದೀಪಾವಳಿಗೆ ಕೊಟ್ಟೂರಿನ ಟೂರ್ನಮೆಂಟನ್ನು ಅವಳೇ ನಡೆಸುತ್ತಾಳೆ. ಬರದಿದ್ದರೆ ಬಳ್ಳಾರಿಯಿಂದ ಯಾರೋ ಬಂದು ನಡೆಸುತ್ತಾರೆ, ಅವಳು ಮತ್ತೆ ಉಪ್ಪಿಟ್ಟಿನ ಪಾತ್ರೆಯ ಮುಂದೆ.

ನನಗೆ ತಡೆಯಲಿಲ್ಲ. ನಾನೂ ಹಡಗಲಿ ಬಸ್ಸು ಹತ್ತಿದೆ.

ಅಲ್ಲಿ ನಮ್ಮ ಕೊಟ್ಟೂರಿನ ಖಾದರ್ ಸಿಕ್ಕ. ಪಂಪ್‌ಸೆಟ್ ಮೆಕ್ಯಾನಿಕ್, ಚೆಸ್ಸಿನಲ್ಲಿ ಹುಲಿ. ದಾರಿಯಲ್ಲಿ ಗಾಡಿಯ ಚೈನ್ ಕಳಚಿ, ಅದನ್ನು ಕೂರಿಸಿ ಓಡಿ ಬಂದಿದ್ದ. ಅವನನ್ನು ಮೂಲೆಗೆ ಕರೆದೆ.

"ಖಾದರಾ, ನಮ್ಮ ಶಕ್ಕುಗ ಒಂದು ಉಪಕಾರ ಮಾಡು. ಒಂದು ಕಾಯಿ ಮುಟ್ಟು. ಮುಟ್ಟಿ, ನಾ ಮುಟ್ಟೇ ಇಲ್ಲ ಅಂತ ವಾದಾ ಹಾಕು."

ಅವನು ಎರಡೂ ಅಂಗೈ ತೆರೆದು ತೋರಿಸಿದ. ಕರ್ರಗೆ ಗ್ರೀಸು.

"ಅಮ್ಮಾ, ಸುಳ್ಳು ಹೇಳಾಕ ಬಾಯಿ ತಯಾರೈತಿ. ಆದ್ರ ನಂಗ ಬಿಳಿ ಕಾಯಿ ಬಂದಾವು. ಮುಟ್ಟಿದ್ರ ಅಚ್ಚು ಒತ್ತಿದಂಗ ಬೀಳ್ತೈತಿ. ಮುಟ್ಟಿಲ್ಲ ಅಂತ ಯಾವ ಮುಖ ಇಟ್ಕಂಡು ಹೇಳ್ಲಿ?"

ಮೋಸ ಮಾಡುವುದಕ್ಕೂ ಕೈ ಸ್ವಚ್ಛ ಇರಬೇಕು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆಟ ಶುರುವಾಯಿತು. ಖಾದರ್ ಕೂತ ಸಾಲಿಗೆ ಶಕುಂತಲಾ ಉಸ್ತುವಾರಿ. ಬಳ್ಳಾರಿಯಿಂದ ಬಂದ ಹಿರಿಯ ತೀರ್ಪುಗಾರರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಒಂದು ತಾಸಾಯಿತು. ಜಗಳದ ಸುಳಿವಿಲ್ಲ. ಕೆಮ್ಮಿದವರೂ "ಸಾರಿ" ಅನ್ನುತ್ತಿದ್ದರು. ಇಷ್ಟು ಮರ್ಯಾದೆ ಇವರಿಗೆ ಎಲ್ಲಿಂದ ಬಂತು, ಅದೂ ಅವತ್ತೇ?

ನಾನು ಖಾದರನ ಹಿಂದೆ ನಿಂತಿದ್ದೆ. ನೋಡುವವರು ಬಾಯಿ ಬಿಡಬಾರದು ಅಂತ ಗೋಡೆಗೆ ಬೋರ್ಡು ಹಚ್ಚಿದ್ದರು. ಓದಿದ್ದೆ. ಆದರೆ ನಾನು ಹುಟ್ಟಿ ಬೆಳೆದದ್ದು ಹುಲಿ-ಕುರಿ ಆಟದ ಕಟ್ಟೆಯ ಪಕ್ಕ. ಅಲ್ಲಿ ಆಡುವವರು ಇಬ್ಬರು, ಆಡಿಸುವವರು ಹನ್ನೆರಡು ಜನ. ಸುಮ್ಮನೆ ನಿಂತು ನೋಡುವವನಿಗೆ "ಮೈಯಾಗ ಆರಾಮಿಲ್ಲೇನು?" ಅಂತ ಕೇಳುತ್ತಾರೆ.

ಖಾದರ್ ಅಲ್ಲಿಯ ತನಕ ಮುಟ್ಟದಿದ್ದ ಮಂತ್ರಿಗೆ ಕೈ ಹಾಕಿದ. ಎದುರಿನವರ ಕುದುರೆಯನ್ನು ಹೊಡೆಯುವ ಆಸೆ. ಆ ಕುದುರೆಗೆ ಕಾವಲಾಗಿ ಮೂಲೆಯಲ್ಲಿ ಆನೆ ಕೂತಿತ್ತು! ನಾಲ್ಕನೇ ಕ್ಲಾಸಿನ ನನಗೆ ಕಾಣುತ್ತದೆ, ಹುಲಿಗೆ ಕಾಣುವುದಿಲ್ಲ.

"ಬ್ಯಾಡೋ ಖಾದರಾ! ಮೂಲ್ಯಾಗ ಆನಿ ಕುಂತೈತಿ!"

ಇಡೀ ಹಾಲ್ ನನ್ನ ಕಡೆ ತಿರುಗಿತು. ಖಾದರ್ ಬೆಂಕಿ ಮುಟ್ಟಿದವನ ಹಾಗೆ ಮಂತ್ರಿಯಿಂದ ಕೈ ತೆಗೆದ. ಎದುರಿಗೆ ಕೂತಿದ್ದವರು ಹಡಗಲಿಯ ರಿಟೈರ್ಡ್ ಹೆಡ್‌ಮಾಸ್ತರರು. ಅವರ ಮೀಸೆ ಕುಣಿಯಿತು.

"ಮೇಡಂ! ಏನ್ರೀ ಇದು? ಹೊರಗಿನವ್ರು ಹೇಳಿಕೊಟ್ರ ನಾ ಯಾರ ಸಂಗಾಟ ಆಡ್ಲಿ? ಯಾರ್ರೀ ಈ ಅಜ್ಜಿ? ಯಾರ ಪೈಕಿ?"

ಶಕುಂತಲಾ ಬಂದಳು. ಕೈಯಲ್ಲಿ ಪುಸ್ತಕ. ಮುಖ ಅನ್ನ ಬಸಿದ ಗಂಜಿಯ ಹಾಗೆ ಬಿಳಿಚಿತ್ತು.

"ನಮ್ಮತ್ತಿ ಅದಾರ್ರೀ ಸರ."

ಹೆಡ್‌ಮಾಸ್ತರರ ಮೀಸೆ ಇಳಿಯಿತು. "ಓಹೋ, ಮೇಡಂನವ್ರ ಅತ್ತಿಯವ್ರಾ! ಮದ್ಲ ಹೇಳಬಾರ್ದೇನ್ರಿ? ಇರ್ಲಿ ಬಿಡ್ರಿ, ಹಿರ್ಯಾರು. ಬಾಯಿ ತಪ್ಪಿ ಬಂದೈತಿ. ನಡೀಲಿ ಆಟ."

ಮತ್ತೆ ಅದೇ ರೋಗ! ಒಂಬತ್ತನೇ ಕಾಲಂ ಬಾಗಿಲ ತನಕ ಬಂದು ವಾಪಸು ಹೊರಟಿತ್ತು. ಬಿಡಬೇಡಿರಿ ಸಾರ್ ಅಂತ ನಾನೇ ಕೂಗಬೇಕು ಅನ್ನುವಷ್ಟರಲ್ಲಿ ಶಕುಂತಲಾ ಗಂಟಲು ಸರಿಮಾಡಿಕೊಂಡಳು.

"ಬಿಡಾಕ ಬರಂಗಿಲ್ರೀ ಸರ. ನೀವು ತಕರಾರು ತಗದೀರಿ, ನಾ ತೀರ್ಪು ಕೊಡ್ತೀನಿ."

ಮಂತ್ರಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಬಿಳಿ ಮಂತ್ರಿಯ ಕುತ್ತಿಗೆಗೆ ಎರಡು ಬೆರಳಿನ ಕರಿ ಗುರುತು, ಯಾರೋ ಕುತ್ತಿಗೆ ಹಿಚುಕಿದ ಹಾಗೆ.

"ಖಾದರ್ ಅವ್ರೇ, ಮುಟ್ಟೀರಿ. ಮಂತ್ರಿನ ನಡಸ್ಬೇಕು. ಎಲ್ಲಿಗೆ ಅನ್ನೋದು ನಿಮಗ ಬಿಟ್ಟಿದ್ದು. ಸರ, ನಿಮಗ ಎರಡು ನಿಮಿಷ ಹೆಚ್ಚಿಗಿ ಕೊಡ್ತೀನಿ."

ಆಮೇಲೆ ನನ್ನ ಕಡೆ ತಿರುಗಿದಳು. ಆ ಬೆರಳು ಎದ್ದಿದ್ದು ಆವಾಗಲೇ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಮಲ್ಲಿಗೆ ಕಟ್ಟುತ್ತಿದ್ದರು. ಹೋಗಿ ಕೂತೆ.

"ಯಾಕ ಅಜ್ಜಿ, ಹೊರಗ ಬಂದ್ರಿ?"

"ಸೊಸಿ ಹಾಕಿದ್ಳವ್ವ."

ಇಬ್ಬರೂ ಹೂವು ಬಿಟ್ಟು ನನ್ನ ಕೈ ಹಿಡಿದುಕೊಂಡರು. ಒಬ್ಬಾಕೆ ತನ್ನ ಸೊಸೆಯ ಕಥೆ ಶುರು ಮಾಡಿದಳು. ಅದು ಮುಗಿಯುವ ಹೊತ್ತಿಗೆ ಒಳಗೆ ಖಾದರ್ ಸೋತಿದ್ದ. (ಬಾಯಿ ಸುಟ್ಟುಕೊಂಡು ಹೇಳಿಕೊಟ್ಟೆ. ಮಂತ್ರಿಯನ್ನು ಇನ್ನೂ ಕೆಟ್ಟ ಮನೆಗೆ ಒಯ್ದನಂತೆ. ಇವನು ಹುಲಿಯಂತೆ!)

ಹಿರಿಯ ತೀರ್ಪುಗಾರರು ಅರ್ಜಿ ತರಿಸಿಕೊಂಡರು. ಒಂಬತ್ತನೇ ಕಾಲಮ್ಮಿನಲ್ಲಿ ಶಕುಂತಲಾ ಬರೆದಿದ್ದಳು: "ಆಟದ ನಡುವೆ ಬಾಯಿ ಹಾಕಿದ ಪ್ರೇಕ್ಷಕರೊಬ್ಬರನ್ನು ಹೊರಗೆ ಕಳುಹಿಸಲಾಯಿತು." ಅವರು ಪೆನ್ನು ತೆಗೆದು "ಪ್ರೇಕ್ಷಕರೊಬ್ಬರನ್ನು" ಅನ್ನುವುದಕ್ಕೆ ಗೀಟು ಹಾಕಿ ಮೇಲೆ "ಸ್ವಂತ ಅತ್ತೆಯವರನ್ನು" ಅಂತ ತಿದ್ದಿದರು. ಆಮೇಲೆ ಸಹಿ ಹಾಕಿದರು. ಇಷ್ಟು ಗಟ್ಟಿ ಅನುಭವವನ್ನು ತಾವು ಯಾವ ಅರ್ಜಿಯಲ್ಲೂ ನೋಡಿಲ್ಲ ಅಂದರಂತೆ.

ಬೇಕಂತಲೇ ಬಾಯಿ ಬಿಟ್ಟೆ, ಸೊಸೆಗಾಗಿ ತ್ಯಾಗ ಮಾಡಿದೆ ಅಂತ ಕೊಟ್ಟೂರಿನಲ್ಲಿ ಸುದ್ದಿ ಹಬ್ಬಿದೆ. ಸುಳ್ಳು. ಅಷ್ಟು ಒಳ್ಳೆಯವಳು ನಾನಲ್ಲ. ಆನೆ ಕಂಡಿತು, ಕೂಗಿದೆ. ಅಷ್ಟೇ.

ವಾಪಸು ಬರುವ ಬಸ್ಸು ಬೊಮ್ಮನಹಳ್ಳಿ ದಾಟಿತು. ಶಕುಂತಲಾ ಮೆಲ್ಲಗೆ ಕೇಳಿದಳು.

"ಸಿಟ್ಟಾದ್ರೇನ್ರಿ ಅತ್ತಿ?"

"ಸಿಟ್ಟ್ಯಾಕ? ಆದ್ರ ಆ ಬೆರಳು ತೋರಿಸ್ದೆಲ್ಲ, ಅದು ಇವತ್ತು ಎದ್ದ ಬೆರಳಲ್ಲ ಬಿಡು. ಹದಿನೆಂಟು ವರ್ಷ ಮಡಚಿ ಇಟ್ಕಂಡಿದ್ದು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು. ಅಳುವಾಗ ಅವಳ ಭುಜ ಹಾಗೆ ಕುಣಿಯುವುದಿಲ್ಲ, ನನಗೆ ಗೊತ್ತು.

ಸೋಮವಾರ ಬೆಳಿಗ್ಗೆ ನಾನೇ ಹೋಗಿ ಅರ್ಜಿಯನ್ನು ಪೋಸ್ಟ್ ಡಬ್ಬಿಗೆ ಹಾಕಿ ಬಂದೆ. ಹಾಕುವ ಮೊದಲು ಹತ್ತೂ ಕಾಲಂ ಇನ್ನೊಮ್ಮೆ ಓದಿದೆ. ಅತ್ತೆಯನ್ನು ಎರಡು ನಿಮಿಷದಲ್ಲಿ ಹೊರಗೆ ಹಾಕಿದ್ದು ಅನುಭವವಂತೆ. ಅದೇ ಅತ್ತೆಯನ್ನು ಹದಿನೆಂಟು ವರ್ಷ ಒಳಗೆ ಇಟ್ಟುಕೊಂಡಿದ್ದಕ್ಕೆ ಯಾವ ಕಾಲಂ ಇದೆ?