ಖಾಲಿ ಡೈರೆಕ್ಟರಿ ಅಳಿಸುತ್ತಿದ್ದ ಅಕ್ಕ

ಎಂಟರ್ ಒತ್ತುವ ಮೊದಲು ಅವರು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಬಸವಕಲ್ಯಾಣದ ಡಿಟಿಪಿ ಅಂಗಡಿಯಲ್ಲಿ ನನ್ನ ಸಂಶೋಧನಾ ಪ್ರಬಂಧವನ್ನು ಟೈಪ್ ಮಾಡುತ್ತಿದ್ದ ಆ ಅಕ್ಕ, ಕೆಲಸ ಮುಗಿದು ಖಾಲಿಯಾದ ಡೈರೆಕ್ಟರಿಗಳನ್ನು, ಅಂದರೆ ಫೈಲುಗಳ ಖಾನೆಗಳನ್ನು, ಆರ್‌ಡಿ ಎಂಬ ಆಜ್ಞೆಯಿಂದಲೇ ತೆಗೆಯುತ್ತಿದ್ದರು. ಒಳಗೆ ಏನಾದರೂ ಉಳಿದಿದ್ದರೆ ಆರ್‌ಡಿ ಅಳಿಸುವುದಿಲ್ಲ. "ಒಲ್ಲೆ ಅಂದ್ರ ಒಳಗ ಯಾರೋ ಕುಂತಾರ್ರಿ," ಎನ್ನುತ್ತಿದ್ದರು, ಮೆಲ್ಲಗೆ.

ಒಂದು ಸಂಜೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಳೆಯದನ್ನು ಅಳಿಸಲು ಮಾಲೀಕರು ತಾವೇ ಕುಳಿತರು. ನನ್ನ ಡೈರೆಕ್ಟರಿ ತೆರೆಯ ಮೇಲೆ ಖಾಲಿ ಕಂಡಿತು. ಆದರೂ ಆರ್‌ಡಿ ಅದನ್ನು ಅಳಿಸಲಿಲ್ಲ.

"ಸಾವ್ಕಾರ್ರ, ಒಳಗ ಅದಾರ್ರಿ," ಎಂದರು ಅಕ್ಕ.

"ಖಾಲಿ ಡಬ್ಬಿಗಿ ಎಷ್ಟು ಕಾವಲು ಕಾಯ್ತಿ ತಾಯಿ!" ಮಾಲೀಕರು ನಕ್ಕು, ಒಳಗಿದ್ದುದನ್ನೂ ಸೇರಿಸಿ ಅಳಿಸುವ ಡೆಲ್‌ಟ್ರೀ ಹೊಡೆದರು. ಅಳಿಸಲೇ ಎಂದು ಯಂತ್ರ ಕೇಳಿತು. ಅವರ ಬೆರಳು ಹೌದೆನ್ನುವ ವೈ ಕೀಲಿಯತ್ತ ಹೋದಾಗ ಅಕ್ಕ ಆ ಕೈಗೆ ಫಟ್ಟನೆ ಹೊಡೆದರು.

ಮಾಲೀಕರ ಎದುರು ದನಿಯೆತ್ತಿ ಮಾತಾಡಿದವರೇ ಅಲ್ಲ ಅವರು. ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಅಡಗಿದ್ದ ಫೈಲುಗಳನ್ನು ತೆರೆಯ ಮೇಲೆ ತಂದರು. ಯಾರೂ ಅಳಿಸದಿರಲೆಂದು ಅವರೇ ಮರೆಮಾಡಿಟ್ಟಿದ್ದ ನನ್ನ ಅಧ್ಯಾಯಗಳು!

"ನಾಳಿಂದ ಬರಬ್ಯಾಡ," ಎಂದರು ಮಾಲೀಕರು, ಕೈ ತಿಕ್ಕಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ನಮ್ಮೂರು ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬಂದೆ. ಅಕ್ಕ ಬಾರದಿದ್ದರೆ ಉಳಿದ ಅಧ್ಯಾಯಗಳನ್ನು ಇಲ್ಲಿ ಟೈಪ್ ಮಾಡಿಸುವುದಿಲ್ಲ ಎಂದು ಮಾಲೀಕರಿಗೆ ಹೇಳಿ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ.